ಕರ್ನಲ್ ಇನ್ನಿಲ್ಲ ಎಂದು ಬರೆದವಳ ಮಾತು

ವೇದಿಕೆಯ ನಡುವೆ ಆರೋಗ್ಯವಾಗಿ ಕುಳಿತಿರುವ ಅಧ್ಯಕ್ಷರಾದ ಕರ್ನಲ್ ಪರಮೇಶಪ್ಪನವರೇ, ಅತಿಥಿಗಳೇ, ಮಾದಾಪುರ ಓದುಗರ ಬಳಗದ ಬಂಧುಗಳೇ, ಮುಂದಿನ ಸಾಲಿನಲ್ಲಿರುವ ಶ್ರೀಮತಿ ಲಿಂಗಮ್ಮ ಪರಮೇಶಪ್ಪನವರೇ, ಸಭಿಕರೇ,

ನಗಬೇಡಿ. 'ಆರೋಗ್ಯವಾಗಿ' ಎಂಬ ಮಾತನ್ನು ಯೋಚಿಸಿಯೇ ಹೇಳಿದ್ದೇನೆ.

ಕರ್ನಲ್ ಸಾಹೇಬರು ವರ್ಷಗಟ್ಟಲೆ ತಮ್ಮ ತೋಟದಲ್ಲಿ ಅಳೆದಿಟ್ಟ ಮಳೆಯನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಮೂಡಿಸಿದ್ದಕ್ಕೆ ಇವತ್ತು ನನಗೆ ಸನ್ಮಾನ. ಕನ್ನಡ ಎಂ.ಎ. ಮಾಡಿ ಕವಿತೆ ಓದಿಕೊಂಡಿದ್ದವಳು ನಾನು. ಪ್ರೋಗ್ರಾಮ್ ಬರೆಯಲು ನೋಟ್‌ಬುಕ್ ಬೇಕು ಎಂದಾಗ ಅಂಗಡಿಗೆ ಹೋಗಿ ಇನ್ನೂರು ಪುಟದ್ದನ್ನು ತಂದವಳು. "ಅದಲ್ಲ ಮೇಡಂ, ಇದು ಕಂಪ್ಯೂಟರೊಳಗಿನ ನೋಟ್‌ಬುಕ್ಕು" ಎಂದು ಹೈಸ್ಕೂಲಿನ ಕಂಪ್ಯೂಟರ್ ಟೀಚರ್ ರಂಜಿತಾ ನಕ್ಕಳು. ಮೊದಲು ಪೈಥಾನ್ ಎಂಬ ಪ್ರೋಗ್ರಾಮ್ ಭಾಷೆಯನ್ನು ಇಳಿಸಿಕೊಳ್ಳಬೇಕು, ಆಮೇಲೆ ನೋಟ್‌ಬುಕ್ ಹಾಕಿಕೊಳ್ಳಬೇಕು. ಚೌಕದೊಳಗೆ ಒಂದು ಸಾಲು ಬರೆದರೆ ಉತ್ತರ ಅದರ ಕೆಳಗೇ ಬರುತ್ತದೆ. ಕವಿತೆ ಬರೆದವರಿಗೂ ಇಷ್ಟು ಬೇಗ ಉತ್ತರ ಸಿಕ್ಕುವುದಿಲ್ಲ. ನಾವು ಬರೆದದ್ದನ್ನು ಒಳಗೆ ಕುಳಿತು ನಡೆಸುವ ಭಾಗವೊಂದಿದೆ. ಅದರ ಹೆಸರು ಕರ್ನಲ್. ಅದನ್ನು ಮಾತ್ರ ರಂಜಿತಾ ನನಗೆ ಹೇಳಿರಲಿಲ್ಲ.

ಕೊಡಗಿನಲ್ಲಿ ಕರ್ನಲ್ ಎಂದರೆ ಯಾರಿಗೆ ಕಂಪ್ಯೂಟರ್ ನೆನಪಾಗುತ್ತದೆ, ಹೇಳಿ? ನಮ್ಮ ಬಳಗಕ್ಕಂತೂ ಕರ್ನಲ್ ಒಬ್ಬರೇ.

ಕೆಲಸ ಅರ್ಧಕ್ಕೆ ನಿಂತಿದ್ದ ಲ್ಯಾಪ್‌ಟಾಪನ್ನು ರಂಜಿತಾಳ ಬಳಿ ಬಿಟ್ಟು ಬಂದಿದ್ದೆ. ಮಧ್ಯಾಹ್ನ ಅವಳ ಮೆಸೇಜು ಬಂತು: "ಕರ್ನಲ್ ಡೆಡ್ ಮೇಡಂ. ಈಗ್ಲೇ ನೋಡ್ದೆ." ಅವಳು 'ಸತ್ತೋಯ್ತು' ಎಂದಿದ್ದರೆ ನನ್ನ ಕನ್ನಡ ನನ್ನನ್ನು ಕಾಪಾಡುತ್ತಿತ್ತು. ಡೆಡ್ ಎಂಬ ಮಾತಿಗೆ ಮನುಷ್ಯನೂ ಒಂದೇ, ಯಂತ್ರವೂ ಒಂದೇ.

ಕರ್ನಲ್ ಅವರ ಮನೆಗೆ ನಾನು ಫೋನ್ ಮಾಡಲಿಲ್ಲ. ನಡೆದೇ ಹೋಗಬಹುದಿತ್ತು, ಹೋಗಲಿಲ್ಲ. ಬಳಗದ ವಾಟ್ಸಾಪ್ ಗುಂಪಿಗೆ 'ಕರ್ನಲ್ ಇನ್ನಿಲ್ಲ' ಎಂದು ಶ್ರದ್ಧಾಂಜಲಿ ಬರೆಯಲು ಕುಳಿತೆ. 'ಮಳೆಯನ್ನು ಅಳೆಯುತ್ತಿದ್ದ ಕೈ ಇಂದು ಮಳೆಗೇ ಸೇರಿತು' ಎಂದು ಬರೆದೆ. ಆಮೇಲೆ 'ಸೇರಿತು' ತೆಗೆದು 'ಸಂದಿತು' ಮಾಡಿದೆ. ಲಯ ಸರಿಹೋಯಿತೆಂದು ಖುಷಿಪಟ್ಟೆ. ಹೌದು, ಖುಷಿಪಟ್ಟೆ. ಕಣ್ಣೀರು ಇನ್ನೂ ಬಂದಿರಲಿಲ್ಲ, ವಾಕ್ಯ ಬಂದಿತ್ತು. ಕಳುಹಿಸಿ, ಮೌನ ಆಚರಿಸಲೆಂದು ಫೋನ್ ಆಫ್ ಮಾಡಿದೆ.

ಸಂಜೆ ತೆರೆದಾಗ ರಂಜಿತಾಳ ಇನ್ನೊಂದು ಮೆಸೇಜು ಕಾದಿತ್ತು: "ರೀಸ್ಟಾರ್ಟ್ ಮಾಡ್ದೆ ಮೇಡಂ. ಕರ್ನಲ್ ಸರಿಯಾಯ್ತು."

ಆದರೆ ಕುಶಾಲನಗರದ ತಂಗಿಯ ಮನೆಯಲ್ಲಿದ್ದ ಲಿಂಗಮ್ಮನವರು ಅಷ್ಟರಲ್ಲಿ ನನ್ನ ಶ್ರದ್ಧಾಂಜಲಿ ಓದಿಯಾಗಿತ್ತು. ಗಂಡನ ಫೋನ್ ಸಿಗುತ್ತಿಲ್ಲ. ಸಾಹೇಬರು ತೋಟದ ಸಿಗ್ನಲ್ ಇಲ್ಲದ ಇಳಿಜಾರಿನಲ್ಲಿ ಕಾಫಿ ಹಣ್ಣಿನ ಪಿಕಿಂಗ್ ನೋಡುತ್ತಿದ್ದರು. ಲಿಂಗಮ್ಮನವರು ಸಿಕ್ಕಿದ ಬಸ್ಸು ಹತ್ತಿ, ದಾರಿಯುದ್ದಕ್ಕೂ ನನ್ನ ವಾಕ್ಯಗಳನ್ನೇ ಓದುತ್ತ ಬಂದರಂತೆ. ಮನೆ ಮುಟ್ಟಿದಾಗ ಕರ್ನಲ್ ಕಣದಲ್ಲಿ ಕಾಫಿ ಹರಡಿಸುತ್ತಿದ್ದರು. "ಏನೇ, ನಾಳೆ ಬರ್ತೀನಿ ಅಂದಿದ್ಯಲ್ಲ?" ಎಂದರಂತೆ. ಲಿಂಗಮ್ಮನವರು ಒದ್ದೆ ಕಾಫಿಯ ಮೇಲೇ ಕುಳಿತುಬಿಟ್ಟರಂತೆ.

ಇದನ್ನು ನನಗೆ ಹೇಳಿದವರು ಸಾಹೇಬರೇ, ನಗುತ್ತ. "ಫಸ್ಟ್ ಕ್ಲಾಸಾಗಿ ಬರ್ದಿದ್ದೀರಿ ಮೇಡಂ. ತೆಗ್ದಿಟ್ಕೊಳ್ಳಿ, ಮುಂದಕ್ಕೆ ಬೇಕಾಗ್ತದೆ!" ಊರೆಲ್ಲ ನಕ್ಕಿತು. ಲಿಂಗಮ್ಮನವರು ನಗಲಿಲ್ಲ. ಕ್ಷಮೆ ಕೇಳಲು ಹೋದಾಗ, "ಕಾಫಿ ಕುಡ್ಕೊಂಡ್ ಹೋಗವ್ವ" ಎಂದರು. ಆಮೇಲೆ ಒಂದು ಮಾತೂ ಇಲ್ಲ, ಇವತ್ತಿನವರೆಗೂ.

ಈಗ ನೋಡಿದರೆ, ನನಗೆ ಶಾಲು ಹೊದಿಸುವವರು ಅವರೇ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ! ಹಾಕಿಸಿದವರಿಗೆ ಏನೆನ್ನಲಿ?

ಲಿಂಗಮ್ಮನವರೇ, ನೀವು ಏಳಬೇಕಾಗಿಲ್ಲ. ಆ ಬಸ್ಸಿನಲ್ಲಿ ನಿಮ್ಮ ಪಕ್ಕ ಯಾರೂ ಇರಲಿಲ್ಲ, ನನ್ನ ಅಲಂಕಾರದ ಮಾತುಗಳಿದ್ದವು. ಅದನ್ನು ನೆನೆದಾಗಲೆಲ್ಲ ಪೆನ್ನು ಹಿಡಿಯಲು ನಾಚಿಕೆಯಾಗುತ್ತದೆ. ಈ ಶಾಲು ನನ್ನ ಹೆಗಲ ಮೇಲೆ ಕೂರುವುದಿಲ್ಲ, ನೀವು...

ಎದ್ದುಬಿಟ್ಟಿರಲ್ಲ. ಬಾಗಿಲು ಆ ಕಡೆಯಿದೆ, ವೇದಿಕೆ ಈ ಕಡೆಯಿದೆ.

ಸಭಿಕರೇ, ಅವರು ಈ ಕಡೆಗೇ ಬರುತ್ತಿದ್ದಾರೆ. ಶಾಲನ್ನು ಕುರ್ಚಿಯ ಮೇಲೆ ಮರೆತು, ಎರಡೂ ತೋಳು ಚಾಚಿ ಬರುತ್ತಿದ್ದಾರೆ. ಇರಲಿ, ದಯವಿಟ್ಟು ಯಾರೂ ನೆನಪಿಸಬೇಡಿ. ಇಷ್ಟು ಹೊತ್ತು ಕೇಳಿದಿರಿ, ಧನ್ಯವಾದ. ನನ್ನ ಎರಡು ಕೈಗಳೂ ಈಗ ಬೇಕಾಗುತ್ತವೆ, ಅದಕ್ಕೆ ಮೊದಲು ನಿಮಗೆಲ್ಲ ನಮಸ್ಕಾರ.