ಮರಿತಾಯಮ್ಮನ ಸೋಬಾನೆ, ಎರಡು ಜೋಡಿ ಸ್ಪೀಕರು

ದೀಪ ಇರ್ಲಿ ಬಿಡಿ, ಆರಿಸ್ಬೇಡಿ. ಇದು ನಮ್ಮ ದೊಡ್ಡಮ್ಮನ ಮಗ ಪ್ರೇಮ್‌ಕುಮಾರನಿಗೇ ಆದದ್ದು. ದೇವನೂರಲ್ಲಿ.

ನಂಜನಗೂಡಲ್ಲಿ ಶಿಫ್ಟ್ ಮುಗಿಸಿ, ಕೊನೇ ಬಸ್ಸಿಳಿದು, ಹಳೇ ಬಾವಿ ಪಕ್ಕ ಬರ್ತಿದ್ದ. ಹೆಗಲ ಮೇಲೆ ಚೀಲ. ಅದರಲ್ಲಿ ಎರಡು ಜೋಡಿ ಸ್ಪೀಕರು, ಪುಸ್ತಕದ ಶೆಲ್ಫಲ್ಲಿ ಇಡೋವಂಥ ಡಬ್ಬಗಳು, ಒಂದು ಜೋಡಿ ದಪ್ಪ, ಇನ್ನೊಂದು ಸಣ್ಣ. ಎರಡನ್ನೂ ಕೇಳಿ ನೋಡು, ಬೇಡದ್ದು ಬೆಳಿಗ್ಗೆ ವಾಪಸ್ ತಾ ಅಂದಿದ್ದ ಅಂಗಡಿ ನಟರಾಜ್. ಕಾಲು ಬಿದ್ದುಹೋಗ್ತಿದ್ವು. ಆದ್ರೂ ಅವತ್ತೇ ಕೇಳ್ಬೇಕಿತ್ತು.

ಕೇಳ್ಬೇಕಿದ್ದದ್ದು ಅವ್ವನ ದನಿ. ಮರಿತಾಯಮ್ಮ ತೀರಿಕೊಂಡು ಎಂಟು ತಿಂಗಳು. ಫೋನಲ್ಲಿ ಒಂದೇ ಒಂದು ಸೋಬಾನೆ ಪದ ಉಳಿದಿತ್ತು. ಸೋಬಾನೆ ಗೊತ್ತಲ್ಲ, ಒಬ್ರು ಸಾಲು ಹೇಳಿದ್ರೆ ಇನ್ನೊಬ್ರು ತಿರುಗಿ ಹೇಳ್ಬೇಕು. ಅವ್ವನ ಜೊತೆ ನಲವತ್ತು ವರ್ಷ ಹೇಳಿದ್ದು ಬಾವಿ ಮಗ್ಗುಲ ಮನೆ ರುದ್ರಾಣಮ್ಮ. ರೆಕಾರ್ಡ್ ಮಾಡೋ ದಿನ ಅವ್ವ, ಅವಳನ್ನ ಕರಿ ಕಣ್ಲಾ ಅಂದಿತ್ತು. ಇವನಿಗೋ ಕಣ್ಣೆಳೀತಿತ್ತು, ಒಬ್ಳೇ ಹೇಳು ಸಾಕು ಅಂದ್ಬಿಟ್ಟ. ಅವ್ವ ಹೇಳ್ತು. ಪ್ರತಿ ಸಾಲಾದ್ಮೇಲೂ ಸುಮ್ಮನಾಗಿ, ಕಾದು, ಆಮೇಲೆ ಮುಂದಿನ ಸಾಲು. ಆ ಖಾಲಿ ಜಾಗ ಕೇಳ್ದಾಗೆಲ್ಲ, ಅವತ್ತು ಕರೀಬೇಕಿತ್ತು ಅನ್ಕೊಂತಿದ್ದ.

ಬಾವಿ ದಾಟ್ತಲೇ ಜಗಲಿ ಮೇಲೆ ಖೊಕ್ ಖೊಕ್ ಕೆಮ್ಮು... ರುದ್ರಾಣಮ್ಮ. ಆ ವಯಸ್ಸಿಗೆ ನಿದ್ದೆ ಎಲ್ಲಿಂದ ಬರ್ಬೇಕು.

"ಬಾ ದೊಡ್ಡವ್ವ," ಪಿಸುಗುಟ್ಟಿದ. "ಯಾವ್ದ್ರಲ್ಲಿ ಅವ್ವನ ದನಿ ಸರಿಯಾಗದೆ, ನೀನೇ ಯೋಳು."

ಮನೇಲಿ ಎರಡು ಜೋಡಿನೂ ಮೇಜಿನ ಮೇಲೆ ಗೋಡೆಗಾನಿಸಿ ಇಟ್ಟ. ಮೊದಲು ದಪ್ಪವು. ಮನೇಲಿದ್ದ ಆಂಪ್ಲಿಫೈಯರಿಗೆ ಫೋನು ಸೇರಿಸಿ, ಅದರಿಂದ ವೈರು ಸಿಕ್ಕಿಸಿ ಅವ್ವನ ಪದ ಹಾಕ್ದ... ಬರೀ ಗುಂಯ್. ಗೋಡೆಯಿಂದ ಗೇಣು ಮುಂದಕ್ಕೆ ಎಳೆದ. ಊಹೂಂ.

"ಗುಡಾಣಕ್ಕೆ ಮೂತಿ ಇಟ್ಟು ಯೋಳ್ದಂಗದೆ," ಅಂತು ಅಜ್ಜಿ.

ಈಗ ಸಣ್ಣವು. ಫೋನ್ ಒತ್ತಿದ. ಅಬ್ಬಾ... ಉಸಿರೆಳೆದದ್ದು, ಬಳೆ ಕಿಣ್ ಅಂದದ್ದು, ಎಲೆಅಡಿಕೆ ಬಾಯಿ ಚಪ್ ಅಂದದ್ದು, ಎಲ್ಲ ಕೇಳ್ತು. ಅಜ್ಜಿ ಸಣ್ಣ ಡಬ್ಬದ ಮೇಲೆ ಕೈಯಿಟ್ಟು, ಅದುರ್ತದೆ ಕಣೋ ಅಂತು. ಸಾಲು ಮುಗೀತಲೇ ತಿರುಗಿ ಹೇಳ್ತು. ಎರಡನೇ ಸಾಲು, ಮೂರನೇ ಸಾಲು... ನಾಲ್ಕಕ್ಕೆ ಕೆಮ್ಮು ಒತ್ತರಿಸಿ ಬಂತು. ಕೆಮ್ತು, ಕೆಮ್ತು. ನೀರು ಕುಡೀತು. ಕಣ್ಣೊರೆಸ್ಕೊಂತು.

ಡಬ್ಬ ಸುಮ್ಮನಿತ್ತು.

ಅಜ್ಜಿ ಆ ಸಾಲು ಹೇಳಿ ಮುಗಿಸ್ತು. ಆಗ... ಆಗ ಅವ್ವ ಮುಂದಿನದ್ದು ಎತ್ಕೊಂತು.

ಪ್ರೇಮ್‌ಕುಮಾರ್ ಗೋಡೆಗೊರಗಿ ಅತ್ತ. ತಪ್ಪಾಯ್ತು ಕಣವ್ವ ಅಂದ. ಅಳ್ತಾ ಅಳ್ತಾನೇ ನಿದ್ದೆಹೋದ.

ಬೆಳಿಗ್ಗೆ ವಾಪಸ್ ಕೊಡಕ್ಕೆ ದಪ್ಪ ಜೋಡಿ ಎತ್ತಿದ. ವೈರು ಇನ್ನೂ ಅದಕ್ಕೇ ಸಿಕ್ಕಿಕೊಂಡಿತ್ತು. ಸುಸ್ತಲ್ಲಿ ಬದಲಾಯಿಸೋದೇ ಮರ್ತಿದ್ದ. ಸಣ್ಣವುಗಳ ಹಿಂದೆ, ವೈರು ಹಾಕೋ ತೂತುಗಳ ಮೇಲೆ, ಹೊಸ ಡಬ್ಬಕ್ಕೆ ಅಂಟಿಸಿ ಬರೋ ಟೇಪ್ ಹಾಗೇ ಇತ್ತು.

ಸಣ್ಣವನ್ನೇ ಇಟ್ಕೊಂಡ. ವೈರು ಹಾಕ್ಬೇಡ ಅಂತು ರುದ್ರಾಣಮ್ಮ. ಪ್ರತಿ ಭಾನುವಾರ ಬಂದು ಅದರ ಮುಂದೆ ಕೂರ್ತದೆ. ಒಂದಿಷ್ಟೊತ್ತು ಡಬ್ಬಕ್ಕೆ ಕಿವಿ ಕೊಡ್ತದೆ, ಆಮೇಲೆ ಒಂದು ಸಾಲು ತಿರುಗಿ ಹೇಳ್ತದೆ. ಮತ್ತೆ ಡಬ್ಬಕ್ಕೆ ಕಿವಿ...

ಸುಳ್ಳಲ್ಲ ಕಣ್ರೀ. ಹೋದ ವಾರ ನಾನೇ ಹೋಗಿದ್ದೆ. ಟೇಪ್ ಇನ್ನೂ ಕಿತ್ತಿಲ್ಲ.