ಒಳಗೆ ವಾಲಿದ ಕಾಗದ

ಆಸ್ಪತ್ರೆಯ ಎದೆರೋಗ ವಿಭಾಗದಲ್ಲಿ ನನ್ನ ಪಕ್ಕದ ಬೆಂಚಿಗೆ ಇಬ್ಬರು ಬಂದು ಕೂತರು. ಒಬ್ಬ ಗ್ರೀಸ್ ಮೆತ್ತಿದ ಅಂಗಿಯ ಮೆಕ್ಯಾನಿಕ್. ಇನ್ನೊಬ್ಬ ಯಾವುದೋ ಲ್ಯಾಬಿನ ಅಟೆಂಡರ್. ಮೊದಲು ಮಾತೆತ್ತಿದ್ದು ಮೆಕ್ಯಾನಿಕ್.

“ಚಾವಣಿ ಹತ್ತಿ ನೋಡ್ದೆ. ನಿಮ್ಮ ಲ್ಯಾಬಲ್ಲಿ ಆಸಿಡ್ ಕಾಯಿಸೋ ಪೆಟ್ಟಿಗೆ ಇದ್ಯಲ್ಲ, ಆ ಹುಡ್‌ನಿಂದ ಹೊಗೆ ಹೊರಗೆ ಎಳೆಯೋ ಫ್ಯಾನಿನ ಬೆಲ್ಟೇ ಕಿತ್ತು ಬಿದ್ದಿದೆ.”

“ಸದ್ದು ಬರ್ತಿತ್ತಲ್ಲ.”

“ಅದು ಬರೀ ಮೋಟರಿಂದು. ಫ್ಯಾನಿನ ರೆಕ್ಕೆ ಮಧ್ಯೆ ಹಕ್ಕಿ ಗೂಡು ಕಟ್ಟಿ, ಮರಿ ಮಾಡ್ಕೊಂಡು ಹೋಗಿದೆ.”

“ಗಾಳಿ ಎಳೀತಿದೆಯಾ ನೋಡೋಕೆ ದಿನಾ ಬೆಳಿಗ್ಗೆ ಹುಡ್ ಬಾಯಿಗೆ ಕಾಗದದ ಚೂರು ಹಿಡೀತಿದ್ದೆ ಕಣಣ್ಣ. ಒಳಗಡೆಗೇ ವಾಲ್ತಿತ್ತು. ಸರಿ ಇದೆ ಅಂತ ಬರ್ದಿಡ್ತಿದ್ದೆ.”

“ನಿನ್ನ ಬೆನ್ನ ಹಿಂದೆ ಟೇಬಲ್ ಫ್ಯಾನ್ ಇರತ್ತಲ್ಲ?”

“ಹೂಂ. ಸೆಕೆ ಅಂತ ಬಂದ ತಕ್ಷಣ ಹಾಕ್ತಿದ್ದೆ.”

“ಕಾಗದ ವಾಲಿದ್ದು ಆ ಗಾಳಿಗೇ ಕಣೋ,” ಎಂದು ಮೆಕ್ಯಾನಿಕ್ ತನ್ನ ಉಗುರು ನೋಡಿಕೊಂಡ.

“ಕೆಮಿಸ್ಟ್ ಅಕ್ಕ ದಿನಾ ಕೇಳೋರು, ‘ಎಳೀತಿದೆಯೇನೋ ತಮ್ಮಾ?’ ಅಂತ. ‘ಚೆನ್ನಾಗಿ ಎಳೀತಿದೆ ಅಕ್ಕಾ’ ಅಂತಿದ್ದೆ. ಆಮೇಲೇ ಅವರು ಆಸಿಡ್ ಕಾಯಿಸೋಕೆ ನಿಲ್ತಿದ್ದಿದ್ದು.”

“ಅವರಿಗೆ ಹೇಳಿದ್ಯಾ?”

“ಇಲ್ಲ. ಮಾತಾಡೋಕೇ ಉಸಿರು ಸಾಲಲ್ಲ ಅವರಿಗೆ. ನಿನ್ನೆ ನನ್ನ ಕೈ ಹಿಡ್ಕೊಂಡು, ‘ಮುಖ ಯಾಕೆ ಬಾಡಿದೆ, ಊಟ ಮಾಡ್ದ್ಯಾ?’ ಅಂದ್ರು.”

“ಇವತ್ತು ಹೇಳ್ತೀಯಾ?”



ವಾರ್ಡಿನ ಬಾಗಿಲು ತೆರೆದು ನರ್ಸ್ ಇಣುಕಿದಳು. “ಮೂರನೇ ಬೆಡ್ಡಿನವರನ್ನ ನೋಡೋಕೆ ಒಬ್ಬರೇ ಬನ್ನಿ. ನೀವು ಅವರಿಗೆ ಏನಾಗ್ಬೇಕು?”

ಅಟೆಂಡರ್ ಎದ್ದು ನಿಂತ.

“ತಮ್ಮ,” ಎಂದು ಅವಳ ಹಿಂದೆ ಒಳಗೆ ಹೋದ.