ಮಂಡಿನೋವಿನ ಮನುಷ್ಯ

ಇಲ್ಲ ಅಕ್ಕ, ಕೂರಲ್ಲ. ಆ ಸ್ಟೂಲು ಅಲ್ಲೇ ಇರಲಿ. ಕೂತು ಮಾತಾಡೋ ವಿಷಯ ಅಲ್ಲ ಇದು... ನೀವು ನಿಮ್ಮ ಪಾಡಿಗೆ ಸೀಸೆಗೆ ಎಣ್ಣೆ ಹನಿ ಹಾಕ್ತಾ ಇರಿ, ನಡುವೆ ಬಾಯಿಬಿಟ್ರೆ ಎಣಿಕೆ ತಪ್ಪುತ್ತೆ, ಅಷ್ಟು ನನಗೂ ಗೊತ್ತು. ಕಿವಿ ಮಾತ್ರ ಈ ಕಡೆ ಕೊಡಿ. ನಾನು ಕೇಳ್ತಿರೋದು ಒಂದೇ ಮಾತು. ಇಗೋ ನೋಡಿ, ಚೀಲದಿಂದ ತೆಗೆದು ಸಾಲಾಗಿ ಇಡ್ತಿದ್ದೀನಿ. ಐದು ಸೀಸೆ. ನಿಮ್ಮ ಅಂಗಡಿಯವೇ ತಾನೆ? ನಿಮ್ಮದೇ ಚೀಟಿ ಅಂಟಿಸಿದೆ. ಇವನ್ನ ನಮ್ಮನೆಯವಳು ಯಾರಿಗೋಸ್ಕರ ತಗೊಂಡು ಹೋಗ್ತಾಳೆ? ಅಷ್ಟು ಹೇಳಿಬಿಡಿ, ನಾನು ಹೊರಟೆ.

ಹೇಳಲ್ವಾ. ಸರಿ. ಗಿರಾಕಿ ಗುಟ್ಟು ಅಂತೀರಿ. ಡಾಕ್ಟರು, ವಕೀಲರು ಆಯ್ತು, ಈಗ ಎಣ್ಣೆ ಅಂಗಡಿಯವರೂ ಗುಟ್ಟು ಕಾಯೋ ಕಾಲ ಬಂತು.

ಅವಳಾ? ಮನೇಲಿದ್ದಾಳೆ. ಎಲ್ಲಿಗೆ ಹೋಗ್ತಾಳೆ, ಬಟ್ಟೆ ಒಗೀತಿದ್ದಾಳೆ. ನಾನು ಇಲ್ಲಿಗೆ ಬಂದಿದ್ದು ಅವಳಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ.

ನೀವು ಬಾಯಿಬಿಡದಿದ್ರೂ ನನಗೆ ಅರ್ಧ ಗೊತ್ತಾಗಿದೆ ಅಕ್ಕ. ನಾನು ಮರಕ್ಕೆ ಪಾಲಿಶ್ ಹೊಡೆಯೋನು. ಮೇಲೆ ಎಷ್ಟೇ ಹೊಳಪಿರಲಿ, ಒಳಗೆ ಹುಳ ಎಲ್ಲಿ ಕೂತಿದೆ ಅಂತ ಬೆರಳಲ್ಲಿ ತಟ್ಟಿ ಹೇಳ್ತೀನಿ. ಮೂಗೊಂದು ಸತ್ತಿದೆ, ಒಪ್ಕೋತೀನಿ. ಇಷ್ಟು ವರ್ಷ ಸ್ಪಿರಿಟು, ವಾರ್ನಿಶ್ ಕುಡಿದ ಮೂಗು, ಹೂವಿಗೂ ಮೀನಿಗೂ ವ್ಯತ್ಯಾಸ ಗೊತ್ತಾಗಲ್ಲ ಅದಕ್ಕೆ. ಅದರಿಂದಲೇ ಮೋಸ ಹೋದೆ. ಎದುರುಮನೆಯಾಕೆ ಹೇಳೋ ತನಕ ನನಗೆ ಸುಳಿವೇ ಇಲ್ಲ. 'ನಿಮ್ಮ ಬಾಗಿಲ ಮುಂದೆ ಹಾದು ಹೋದ್ರೆ ಸಾಕು, ಏನು ಘಮಘಮ ಅಂತೀರಿ' ಅಂದ್ಲು. ನಮ್ಮನೇಲಿ ಘಮಘಮ! ಬಂದೆ, ಹುಡುಕಿದೆ. ಅಕ್ಕಿ ಡಬ್ಬದ ಹಿಂದೆ, ಹಳೇ ಬಟ್ಟೇಲಿ ಸುತ್ತಿಕೊಂಡು, ಈ ಐದು ಜನ ತಣ್ಣಗೆ ಮಲಗಿದ್ರು.

ಬಚ್ಚಿಡೋದು ಯಾಕೆ, ಹೇಳಿ? ತನಗೇ ಅಂತ ತಂದಿದ್ರೆ ಕನ್ನಡಿ ಮುಂದೆ ಇಡಬಹುದಿತ್ತಲ್ಲ. ನಾನೇನು ಬೇಡ ಅಂತಿದ್ನಾ? ಹೌದು, ಒಂದ್ಸಲ ಅಂದಿದ್ದೆ. ಈ ಹನಿ ಎಣ್ಣೆ ವೈದ್ಯ ಎಲ್ಲ ಮುದುಕರಿಗೆ, ನನ್ನಂಥ ಗಟ್ಟಿ ಆಳಿಗಲ್ಲ ಅಂತ. ಅಂದಿದ್ರೆ ಏನೀಗ...

ಯಾಕೆ ನಗ್ತೀರಿ? ನಗೋಂಥದ್ದು ಏನಿದೆ ಇದರಲ್ಲಿ?

ಮುಂದೆ ಕೇಳಿ. ಯಾವುದು ಯಾತಕ್ಕೆ ಅಂತ ನೀವೇ ಚೀಟಿ ಮೇಲೆ ಬರೆದಿದ್ದೀರಲ್ಲ, ಒಂದೊಂದೇ ಓದಿದೆ. ನೀಲಗಿರಿ ಎಣ್ಣೆ. ಮಂಡಿನೋವಿಗೆ, ಎಳ್ಳೆಣ್ಣೇಲಿ ಬೆರೆಸಿ ಬೆಚ್ಚಗೆ ತಿಕ್ಕಿ ಅಂತ. ನಮ್ಮನೆಯವಳಿಗೆ ಮಂಡಿನೋವಾ? ನಲ್ಲಿ ಕೈಕೊಟ್ಟ ದಿನ ಮೂರು ಮಹಡಿ ನೀರು ಹೊತ್ತು ಹತ್ತೋ ಹೆಂಗಸು. ನನಗಿಂತ ಬಹಳ ಚಿಕ್ಕೋಳು, ನಿಮಗೆ ಗೊತ್ತಲ್ಲ. ಅಂದ್ರೆ ಮಂಡಿ ಬೇರೆ ಯಾರದ್ದೋ. ಹೊಟ್ಟೆ ಉರಿದುಹೋಯ್ತು ಅಕ್ಕ. ಕೈ ಅಲ್ಲ, ಭುಜ ಅಲ್ಲ, ಮಂಡಿ! ಪ್ಯಾಂಟು ಮಡಚಿಕೊಂಡು ಕಾಲು ಚಾಚಿ ಕೂತಿರಬೇಕು ತಾನೆ ಆ ಮಹಾರಾಯ? ಇವಳು ಎದುರಿಗೆ ಕೂತು...

ಎರಡನೇದು ಲವಂಗದ ಎಣ್ಣೆ. ಹಲ್ಲುನೋವಿಗೆ. ನಮ್ಮವಳ ಹಲ್ಲಿಗೆ ಏನಾಗಿದೆ? ಕಬ್ಬಿಣದ ಕಡಲೆ ಕೊಟ್ರೂ ಅಗೀತಾಳೆ. ಆಮೇಲೆ ಇದು, ರೋಸ್ಮರಿ. ಕೂದಲು ಉದುರೋದಕ್ಕಂತೆ. ಅವಳ ಜಡೆ ಹಿಡಿಯೋಕೆ ಎರಡು ಕೈ ಬೇಕು! ನಿಂಬೆಹುಲ್ಲಿನ ಎಣ್ಣೆ, ಬಟ್ಟೆ ನೆನೆಸೋ ನೀರಿಗೆ ಹಾಕಿ, ಕೆಟ್ಟ ವಾಸನೆ ಹೋಗುತ್ತೆ ಅಂತ. ಲೆಕ್ಕ ಹಾಕಿ ನೋಡಿದೆ. ಮಂಡಿ ಹಿಡಿದಿದೆ, ಹಲ್ಲು ಹುಳುಕು, ತಲೆ ಬೋಳು, ಮೇಲೆ ನಾರ್ತಾನೆ ಬೇರೆ. ಇಂಥವನಿಗೋಸ್ಕರ ನನ್ನನ್ನ... ಅವನು ಚಂದ ಇದ್ದಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ಇಲ್ಲ, ಅಂತಿರಲಿಲ್ಲ. ಆದ್ರೂ ಇದು ಅವಮಾನ ಅಲ್ವಾ ಅಕ್ಕ? ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ ಮನೇಲಿರೋ ಗಂಡ ಕಣ್ಣಿಗೆ ಕಾಣಲಿಲ್ಲ ಅವಳಿಗೆ.

ಟೋಪಿ ಇರಲಿ ಬಿಡಿ. ಸೆಕೆ ಏನಿಲ್ಲ. ಫ್ಯಾನೂ ಬೇಡ.

ಐದನೇದು ಕೇಳಿ. ಅದೇ ನನ್ನ ಕರುಳು ಕಿತ್ತಿದ್ದು. ಲ್ಯಾವೆಂಡರ್. ದಿಂಬಿಗೆ ಎರಡು ಹನಿ ಹಾಕಿ, ಒಳ್ಳೆ ನಿದ್ದೆ ಬರುತ್ತೆ ಅಂತ. ದಿಂಬು ಅಕ್ಕ, ದಿಂಬು! ಮಂಡಿ ಅಂದ್ರೆ ಹೇಗೋ ಸಹಿಸ್ಕೋಬಹುದು, ಪಾಪ ಅಂತ ತಿಕ್ಕಿದ್ಲು ಅನ್ಕೋಬಹುದು. ಒಬ್ಬ ಗಂಡಸಿಗೆ ನಿದ್ದೆ ಬರಲ್ಲ, ಬೆಳಗಿನ ತನಕ ಹೊರಳಾಡ್ತಾನೆ ಅಂತ ಇವಳಿಗೆ ಹೇಗೆ ಗೊತ್ತಾಯ್ತು? ಪಕ್ಕದಲ್ಲಿ ಮಲಗಿದವರಿಗಲ್ಲದೆ ಅದು ಇನ್ಯಾರಿಗೆ ಗೊತ್ತಾಗುತ್ತೆ?

ನನಗಾ? ನನಗೇನು ಬಂದಿದೆ, ಬಿದ್ದರೆ ಕೊರಡು. ಹಿಂದೆ ಸ್ವಲ್ಪ ತೊಂದ್ರೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ಎಲ್ಲರೂ ರೆಡಿಮೇಡ್ ಕಪಾಟು ತಗೊಳ್ಳೋಕೆ ಶುರು ಮಾಡಿದ್ರು, ಪಾಲಿಶ್ ಯಾರಿಗೆ ಬೇಕು, ಅದೇ ಯೋಚನೆ... ಈಗಿಲ್ಲ. ಈಗ ದಿಂಬಿಗೆ ತಲೆ ಕೊಟ್ಟಿದ್ದೇ ಗೊತ್ತಾಗಲ್ಲ, ಬೆಳಿಗ್ಗೆ ಎದ್ದರೆ ಕಾಲು ಎಷ್ಟು ಹಗುರ ಅಂತೀರಿ. ಅದೇ ಅವಳಿಗೆ ಅನುಕೂಲವಾಗಿದ್ದು. ಒಂದ್ಸಲ ನಡುವೆ ಎಚ್ಚರ ಆಯ್ತು. ನೋಡ್ತೀನಿ, ಹಾಸಿಗೆ ತುದೀಲಿ, ನನ್ನ ಕಾಲ ಹತ್ರ ಕೂತಿದ್ದಾಳೆ, ಬಟ್ಟೇಲಿ ಕೈ ಒರೆಸ್ಕೋತಾ. ಕೈಯೆಲ್ಲ ಎಣ್ಣೆ. ಏನೇ ಅಂದ್ರೆ, ಸೊಳ್ಳೆ, ಮಲಕ್ಕೊಳ್ಳಿ ಅಂದ್ಲು. ನಾನು ಪೆದ್ದ, ಮಲಗಿಬಿಟ್ಟೆ. ಆಮೇಲೆ ಹೊಳೀತು. ಅವನಲ್ಲಿಗೆ ಹೋಗಿ ಬಂದು ಕೈ ಒರೆಸ್ಕೋತಿದ್ಲು.

ಮತ್ತೆ ನಗು. ನಗಿ, ನಗಿ. ಊರವರಿಗೆ ನಗು, ನನಗೆ ಉರಿ. ಕಾಮಾಲೆ ಕಣ್ಣು ಅನ್ನಿ ಬೇಕಾದ್ರೆ.

ಅಲ್ಲ, ಸುಮ್ಮನೆ ಯಾರ ಮೇಲೂ ಗೂಬೆ ಕೂರಿಸಲಿಲ್ಲ ನಾನು. ಪರೀಕ್ಷೆ ಮಾಡಿದ್ದೀನಿ. ಕೆಳಗಿನ ಟೈಲರ್ ಇದ್ದಾನಲ್ಲ, ಹಲ್ಲು ಕಿರಿದು ಮಾತಾಡ್ತಾನಲ್ಲ ನಮ್ಮವಳ ಜೊತೆ, ಮೊದಲು ಅವನ ಅಂಗಡಿಗೇ ಹೋದೆ. ದಾರದ ಉಂಡೆ ಬೇಕೂಂತಲೇ ಬೀಳಿಸಿದೆ. ಮಂಡಿ ಹಿಡಿದಿದ್ರೆ ಅಯ್ಯೋ ಅನ್ನಬೇಕಲ್ಲ? ಜಿಂಕೆ ಹಾಗೆ ಬಗ್ಗಿ ಎತ್ತಿಕೊಟ್ಟ, ಅಯೋಗ್ಯ. ಆಮೇಲೆ ಲೈಬ್ರರಿಯವನು. ಅವಳು ಪುಸ್ತಕ ತರೋಕೆ ಹೋಗ್ತಾಳಲ್ಲ. ಅವನಿಗೆ ಒಂದು ಹಿಡಿ ಬಾದಾಮಿ ಕೊಟ್ಟೆ, ತಿನ್ನಿ ಸಾರ್ ಅಂದೆ, ಎದುರಿಗೇ ನಿಂತು ದವಡೆ ನೋಡ್ತಿದ್ದೆ. ಎರಡೂ ಕಡೆ ಕಟಕಟ ಅಗಿದು, ಇನ್ನೂ ಇದೆಯಾ ಅಂದ. ನನಗೆ ಅಂತ ಇಟ್ಕೊಂಡಿದ್ದನ್ನೂ ಕೊಟ್ಟುಬಿಟ್ಟೆ. ನನಗೆ ಯಾತಕ್ಕೆ... ನಾನು ಗಟ್ಟಿ ಪದಾರ್ಥ ಬಿಟ್ಟಿದ್ದೀನಿ ಬಿಡಿ ಈಚೆಗೆ.

ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಸೋತು ಬಂದಿದ್ದೀನಿ ಅಂತಲೇ ಅನ್ಕೊಳ್ಳಿ. ಆ ಮನುಷ್ಯ ಯಾರು? ನಿಮ್ಮ ಹತ್ರ ಹೇಳಿರ್ತಾಳೆ. ಮಂಡಿ ಎಡದ್ದೋ ಬಲದ್ದೋ, ಯಾವ ಹಲ್ಲು, ಎಲ್ಲ ಕೇಳಿಯೇ ಅಲ್ವಾ ನೀವು ಎಣ್ಣೆ ಕೊಡೋದು...

ಮತ್ತೆ ಯಾಕೆ ಸ್ಟೂಲು ತಳ್ತೀರಿ? ಬೇಡ ಅಂದ್ನಲ್ಲ. ಕೂತ್ರೆ ಏಳೋಕೆ... ಎಲ್ಲಿ ನೋಡ್ತಿದ್ದೀರಿ? ಓ, ಇದಾ. ಮೇಜು ಹಿಡ್ಕೊಂಡಿದ್ದು ಹಾಗೇ ಸುಮ್ಮನೆ. ನಮ್ಮ ಕೆಲಸವೇ ಹಾಗೆ ಅಕ್ಕ, ಕಪಾಟಿನ ಬುಡಕ್ಕೆ ಪಾಲಿಶ್ ಹಿಡಿಸೋವಾಗ ಅರ್ಧ ದಿನ ಮಂಡಿಯೂರಿರಬೇಕು. ಎಡಗಾಲು ಒಂಚೂರು... ನೋವು ಅನ್ನೋ ಹಾಗಿಲ್ಲ, ಹಿಡಿದುಕೊಳ್ಳುತ್ತೆ ಅಷ್ಟೆ. ಟೋಪಿ ಯಾಕೆ ನೋಡ್ತೀರಿ? ನೆತ್ತಿಗೆ ಸ್ಪಿರಿಟ್ ಹಾರುತ್ತೆ ಅಂತ ಹಾಕ್ಕೊಂಡಿರೋದು. ಎಷ್ಟೋ ಜನ ಹಾಕ್ಕೋತಾರೆ.

ಏನು ಅಕ್ಕ.

ನಗಿ. ಆಗಿನಿಂದ ನಗ್ತಿದ್ರಿ, ಈಗ ಯಾಕೆ ನಗ್ತಿಲ್ಲ? ಹನಿ ಹಾಕೋದನ್ನೂ ನಿಲ್ಲಿಸಿಬಿಟ್ರಿ. ಹಾಗೆ ನೋಡಬೇಡಿ ನನ್ನನ್ನ. ಏನಾದ್ರೂ ಮಾತಾಡಿ...

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಒಂದು ಲೋಟ ಬಿಸಿನೀರು ಕೊಡ್ತಾಳೆ. ಉಪ್ಪುನೀರು, ಮುಕ್ಕಳಿಸಿ ಅಂತ. ಚುರ್ ಅನ್ನುತ್ತೆ. ಉಪ್ಪು ಹೆಚ್ಚಾಗಿದೆ ಅಂತ ಬೈತಿದ್ದೆ. ರಜೆ ದಿನ ತಲೆಗೆ ಎಣ್ಣೆ ಅವಳೇ ಹಚ್ಚೋದು. ನನಗೆ ವಾಸನೆ ಗೊತ್ತಾಗಲ್ವಲ್ಲ ಅಕ್ಕ... ಒಂದೂ ಗೊತ್ತಾಗಲ್ಲ.

ಆದ್ರೆ ನಾನು ಹೇಳೇ ಇಲ್ಲ ಅವಳಿಗೆ! ಹಲ್ಲು ನೋಯುತ್ತೆ, ಕಾಲು ನೋಯುತ್ತೆ ಅಂತ ಒಂದಿನ ಬಾಯಿಬಿಟ್ಟಿಲ್ಲ. ಚಿಕ್ಕ ವಯಸ್ಸಿನ ಹೆಂಡತಿ ಮುಂದೆ ಅಯ್ಯೋ ಅಮ್ಮಾ ಅಂತ ಕೂರೋಕಾಗುತ್ತಾ? ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟು ನರಳಿದ್ದೀನಿ, ಅವಳಿಗೆ ಕೇಳಿಸಬಾರದು ಅಂತ. ಕೇಳಿಸಿದೆ. ಎಲ್ಲ ಕೇಳಿಸಿದೆ ಅವಳಿಗೆ. ಕೇಳಿಸಲಿಲ್ಲ ಅಂತ ಇದ್ದುಬಿಟ್ಟಿದ್ದಾಳೆ, ನನ್ನ ಮರ್ಯಾದೆ ಉಳೀಲಿ ಅಂತ. ನಾನು ಯಾವ ಬೋಳು ತಲೆಯವನ ಮೇಲೆ ಹಲ್ಲು ಕಡೀತಿದ್ನೋ...

ಮನೆಗೆ ಹೋಗಿ ಅಂತೀರಾ? ಬಾಗಿಲು ತೋರಿಸಬೇಡಿ ಅಕ್ಕ. ಮನೇಲಿ ಏನಿದೆ?

ಅವಳು ಮನೇಲಿಲ್ಲ. ಬಟ್ಟೆ ಒಗೀತಿದ್ದಾಳೆ ಅಂದಿದ್ದು ಸುಳ್ಳು. ಬೆಳಿಗ್ಗೆ ಈ ಸೀಸೆಗಳನ್ನ ಅವಳ ಮುಖಕ್ಕೆ ಹಿಡಿದು ಕೇಳಿದೆ, ಯಾವನು ಅಂತ. ಅವಳು ನನ್ನ ಮುಖ ನೋಡಿದ್ಲು. ಹೇಳಬಹುದಿತ್ತಲ್ಲ? ನಿಮಗೇ ಕಣ್ರೀ ಅಂತ ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಎರಡು ಸೀರೆ ಚೀಲಕ್ಕೆ ಹಾಕ್ಕೊಂಡ್ಲು. ನಾನೇ ಬಾಗಿಲು ತೆಗೆದು ನಿಂತೆ. ಹೋಗು, ಅವನ ಮಂಡಿ ತಿಕ್ಕಿಕೊಂಡೇ ಬಿದ್ದಿರು ಅಂದೆ. ಮೆಟ್ಟಿಲಲ್ಲಿ ಜನ ಇದ್ರು. ಅವರೆಲ್ಲ ಕೇಳ್ಲಿ ಅಂತಲೇ ಜೋರಾಗಿ ಅಂದೆ.

ಅವಳ ಅಕ್ಕನ ಮನೆಗೆ ಹೋಗಿರ್ತಾಳೆ. ಹೋಗ್ತೀನಿ, ಈಗಲೇ ಹೋಗ್ತೀನಿ. ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ, ಏಳೋಕಾಗದಿದ್ರೆ ಅಲ್ಲೇ ಇರ್ತೀನಿ. ಆದ್ರೆ ಬರಿಗೈಲಿ ಹೇಗೆ ಹೋಗ್ಲಿ? ಅವಳಿಗೆ ಏನು ಇಷ್ಟ ಅಂತ... ಒಂದು ಕೆಲಸ ಮಾಡಿ. ಅವಳು ತನಗೆ ಅಂತ ತಗೊಳ್ಳೋ ಎಣ್ಣೆ ಯಾವುದಿದೆಯೋ, ಅದನ್ನ ಒಂದು ಹೊಸ ಸೀಸೆಗೆ ತುಂಬಿಸಿಕೊಡಿ. ದೊಡ್ಡದಕ್ಕೇ ತುಂಬಿಸಿ.

ಯಾವುದು, ತೆಗೀರಿ. ಇಷ್ಟು ದಿನದಿಂದ ಬರ್ತಿದ್ದಾಳಲ್ಲ ನಿಮ್ಮಲ್ಲಿಗೆ. ಅಷ್ಟು ನೀರು ಹೊರೋ ಸೊಂಟ, ನೋಯಲ್ವಾ? ರಾತ್ರಿಯೆಲ್ಲ ಎದ್ದು ಕೂತವಳಿಗೆ ತಲೆನೋವು ಬರಲ್ವಾ? ತನಗೆ ಅಂತ ಏನಾದ್ರೂ ಕೇಳೇ ಇರ್ತಾಳೆ. ಒಂದು ಪುಟ್ಟ ಸೀಸೆಯಾದ್ರೂ...

ಅಕ್ಕ. ಆ ಗೂಡಲ್ಲಿ ಸರಿಯಾಗಿ ನೋಡಿ ಅಕ್ಕ.

ಒಂದೂ ಇಲ್ವಾ?